ಹದಿನಾಲ್ಕನೇ ಪುಟದ ಕಾಮೆಂಟ್

ಅಡಿಲೇಡ್‌ನ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದ ನಾಗವೇಣಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ತಿಂಗಳು ಕೂತು ಬರೆದ ಕರಡಿನ ಹದಿನಾಲ್ಕನೇ ಪುಟದಲ್ಲಿ ಪರ್ತ್‌ನವರು ಯಾರೋ ಇಂಗ್ಲಿಷಿನಲ್ಲಿ ಕಾಮೆಂಟ್ ಹಾಕಿದ್ದರು: ‘ಇದು ಯುರೋಪಿನವರು ಮೆಚ್ಚಲಿ ಅಂತ ಬರೆದ ಹಾಗಿದೆ. ಇದರಲ್ಲಿ ನಾವೆಲ್ಲಿದ್ದೇವೆ?’

ಆಸ್ಟ್ರೇಲಿಯಾದ ಎರಡು ರಾಜ್ಯಗಳು ಸೇರಿ ಸಂಶೋಧನೆಗೊಂದು ನೀತಿ ರೂಪಿಸುತ್ತಿದ್ದವು. ಅದು ಯುರೋಪಿನ ನೀತಿಗೆ ಹೊಂದಿದರೆ ಇಲ್ಲಿನ ಲ್ಯಾಬ್‌ಗಳು ಅಲ್ಲಿನವರ ಜೊತೆ ಕೆಲಸ ಮಾಡಬಹುದು. ಹಾಗೆ ಹೊಂದಿಸುವ ಕೆಲಸ ನಾಗವೇಣಿಯದು. ಯುರೋಪಿನ ಪಟ್ಟಿಯ ಯಾವ ತಲೆಬರಹದಡಿಯೂ ಕೂರದ್ದನ್ನು ಅವಳು ಕೈಬಿಟ್ಟಿದ್ದಳು. ಪರ್ತ್‌ನಾಚೆಯ ಉಪ್ಪು ಹಿಡಿದ ಹೊಲಗಳಲ್ಲಿ ಗೋಧಿ ಬೆಳೆಯಲು ಹೆಣಗುತ್ತಿದ್ದ ಒಂದು ಪುಟ್ಟ ಲ್ಯಾಬ್ ಕೂಡ ಹಾಗೆ ಹೊರಗುಳಿದಿತ್ತು.

‘ನೀತಿ ಬರೆಯುವುದು ಭಾವನೆಗಳಿಂದಲ್ಲ’ ಎಂದು ಅವಳು ಉತ್ತರ ಬರೆದಳು. ‘ಭಾವನೆ ಇಲ್ಲದೆಯೂ ಅಲ್ಲ’ ಎಂದು ಆ ಕಡೆಯಿಂದ ಬಂತು. ವಾರವಿಡೀ ಹೀಗೇ ನಡೆಯಿತು. ಕಾಮೆಂಟಿನ ಪಕ್ಕದಲ್ಲಿ ಇಲಾಖೆಯ ಹೆಸರಷ್ಟೇ ಕಾಣುತ್ತಿತ್ತು.

ಶುಕ್ರವಾರದ ವಿಡಿಯೋ ಕಾಲ್‌ನಲ್ಲಿ ಆ ಇಲಾಖೆಗೆ ಮುಖ ಬಂತು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ನಗುವಾಗ ಎಡಗಣ್ಣು ಮಾತ್ರ ಚಿಕ್ಕದಾಗುವುದು ಹಾಗೇ ಇತ್ತು.

ಉತ್ತಮ್.

ಉಳಿದವರೆಲ್ಲ ಕಾಲ್‌ನಿಂದ ಹೋದ ಮೇಲೂ ಇಬ್ಬರೂ ಕೂತೇ ಇದ್ದರು. ವಾರವೆಲ್ಲ ಇಂಗ್ಲಿಷಿನ ‘ಯೂ’ನಲ್ಲಿ ಜಗಳವಾಡಿದ್ದಾಗಿತ್ತು. ಈಗ ಕನ್ನಡದಲ್ಲಿ ‘ನೀನು’, ‘ನೀವು’ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು.

“ಹೇಗಿದ್ದೀರಿ?” ಅಂದಳು.

“ನಾನು ಯಾವಾಗಿಂದ ‘ನೀವು’ ಆದೆ?”

“ನನ್ನ ಹದಿನಾಲ್ಕನೇ ಪುಟಕ್ಕೆ ಕೈ ಹಾಕಿದಾಗಿಂದ.”

ಎಡಗಣ್ಣು ಚಿಕ್ಕದಾಯಿತು. ಅವಳು ಸುಮ್ಮನೆ ಪೆನ್ನು ಹುಡುಕುವವಳಂತೆ ತಲೆ ತಗ್ಗಿಸಿದಳು.

ಹತ್ತು ವರ್ಷಗಳ ಹಿಂದೆ ಬ್ರಿಸ್ಬೇನ್‌ನಲ್ಲಿ ಇಬ್ಬರ ಮನೆಯೂ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ, ಆಫೀಸು ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ. ದಿನಾ ಒಂದೇ ಟ್ರೈನು. ಡಾರಾ ಸ್ಟೇಷನ್ ದಾಟುವಷ್ಟರಲ್ಲಿ ಅವಳ ಡಬ್ಬಿಯ ಗೊಜ್ಜವಲಕ್ಕಿಯನ್ನು ಅರ್ಧ ಅವನೇ ಖಾಲಿ ಮಾಡಿರುತ್ತಿದ್ದ. ಅದಕ್ಕೆ ಬದಲಾಗಿ ಅವನು ಅವಳ ವರದಿಗಳನ್ನು ತಿದ್ದುತ್ತಿದ್ದ. ನದಿಯ ಸೇತುವೆ ಬಂದಾಗ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಅಕ್ಟೋಬರ್‌ನಲ್ಲಿ ದಡದ ಜಕರಾಂಡ ನೇರಳೆಯಾಗಿ ತುಂಬಿಕೊಂಡಿರುತ್ತಿತ್ತು. ಅವಳು ಮರ ನೋಡುತ್ತಿದ್ದಳು, ಅವನು ಗಾಜಿನಲ್ಲಿ ಕಾಣುವ ಅವಳನ್ನು. ಅದು ಗೊತ್ತಿದ್ದೇ ಅವಳು ಕಿಟಕಿಯ ಕಡೆಗೆ ಕೂರುತ್ತಿದ್ದಳು.

ಆಮೇಲೆ ಅವನು ಪರ್ತ್‌ಗೆ ಹೋದ. ಫೋನು ಕಡಿಮೆಯಾಯಿತು, ನಿಂತೂ ಹೋಯಿತು. ಅವನ ಮದುವೆಯ ಸುದ್ದಿ ಬಂತು. ಎರಡು ವರ್ಷಕ್ಕೇ ಅದು ಮುರಿದ ಸುದ್ದಿಯೂ ಯಾರದೋ ಬಾಯಲ್ಲಿ ಬಂತು. ಅವಳು ಅಡಿಲೇಡ್‌ಗೆ ಬಂದು ಕೆಲಸದಲ್ಲಿ ಮುಳುಗಿಬಿಟ್ಟಿದ್ದಳು.

ಕರಡಿನ ಮೇಲಿನ ಕೊನೆಯ ಸಭೆ ಅಡಿಲೇಡ್‌ನಲ್ಲಿತ್ತು. ಉತ್ತಮ್ ಬ್ಯಾಗಿನಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಹೊಲದ ಮಣ್ಣು, ಮೇಲೆ ಬಿಳಿಯ ಉಪ್ಪಿನ ಪದರ. “ಈ ಮಣ್ಣಿನಲ್ಲಿ ಗೋಧಿ ಮೊಳಕೆ ಒಡೆದಿದೆ. ನಮ್ಮ ನೀತಿಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತ.

ನಾಗವೇಣಿ ಬಾಟಲಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. ವಾದಿಸಲು ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ನಿಧಾನವಾಗಿ ಎದ್ದು ನಿಂತಳು.

“ತಪ್ಪು ನನ್ನದು. ಇದನ್ನು ಬೆಳೆ ಅಂತ ನೋಡಿದೆ, ಅದಕ್ಕೇ ಜಾಗ ಸಿಗಲಿಲ್ಲ. ಇದು ಮಣ್ಣಿನ ವಿಷಯ. ಮಣ್ಣಿನ ಆರೋಗ್ಯ ಯುರೋಪಿನ ಪಟ್ಟಿಯಲ್ಲೇ ಇದೆ. ಅವರ ದಕ್ಷಿಣದ ಕರಾವಳಿಯಲ್ಲೂ ಭೂಮಿ ಉಪ್ಪಾಗುತ್ತಿದೆ. ನಾವು ಕೇಳಿಕೊಂಡು ಹೋಗಬೇಕಾಗಿಲ್ಲ, ಕಲಿಸಲು ಹೋಗಬಹುದು.”

ಒಂದು ಗಂಟೆಯಲ್ಲಿ ಹದಿನಾಲ್ಕನೇ ಪುಟ ಹೊಸದಾಯಿತು. ಎಲ್ಲರೂ ಒಪ್ಪಿ ಎದ್ದರು.

ಇಬ್ಬರೂ ಹತ್ತಿರದ ನದಿಯ ದಡಕ್ಕೆ ನಡೆದುಹೋದರು. ಚಳಿಗಾಲದ ಬಿಸಿಲು ತೆಳ್ಳಗಿತ್ತು. ಏಳು ಗಂಟೆಗೆ ಅವನ ಫ್ಲೈಟ್.

“ಪರ್ತ್ ಹಿಡಿಸ್ತಾ?” ಅವಳು ಕೇಳಿದಳು.

“ಎಲೆನ್‌ಬ್ರೂಕ್‌ನಲ್ಲಿ ಮನೆ ಇದೆ. ನಾಲ್ಕು ರೂಮು. ಮೂರರ ಬಾಗ್ಲು ತೆಗೆಯೋದೇ ಇಲ್ಲ.” ನೀರಿನ ಕಡೆ ನೋಡುತ್ತ ಅಂದ, “ನಿನ್ನನ್ನ ಕರೆದಿದ್ದೆ ನಾನು. ನೀನೇ ಬರಲ್ಲ ಅಂದ್ಬಿಟ್ಟೆ.”

ಅವಳು ನಿಂತಳು. “ಯಾವಾಗ ಕರೆದೆ?”

“ಟ್ರೈನಲ್ಲಿ. ‘ಪರ್ತ್‌ಗೆ ಬರ್ತೀಯಾ’ ಅಂತ ಕೇಳ್ದೆ. ‘ಈ ತಿಂಗಳು ರಜಾ ಇಲ್ಲ ಕಣೋ’ ಅಂದೆ ನೀನು.”

“ಬಾಡಿಗೆ ಮನೆ ನೋಡೋಕೆ ಜೊತೆಗೆ ಬಾ ಅಂತಿದ್ದೀಯ ಅನ್ಕೊಂಡೆ ಉತ್ತಮ್! ಎರಡು ದಿನಕ್ಕೆ!”

“ಎರಡು ದಿನಕ್ಕಲ್ಲ ಕಣೇ.”

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಆ ಒಂದು ಮಾತು ಹತ್ತು ವರ್ಷ ನುಂಗಿತ್ತು.

“ಇನ್ನೊಂದ್ಸಲ ಕೇಳಬಾರ್ದಿತ್ತಾ?”

“ಭಯ ಆಯ್ತು.”

“ನನಗೂ ಇತ್ತು ಭಯ. ಈಗ ಸಾಕಾಗಿದೆ.” ಅವಳು ಅವನ ಕೋಟಿನ ತೋಳು ಹಿಡಿದಳು. “ನೀನಂದ್ರೆ ನನಗಿಷ್ಟ. ಆವಾಗ್ಲೂ ಇಷ್ಟ, ಈಗ್ಲೂ ಇಷ್ಟ. ಅರ್ಥ ಆಗೋ ಹಾಗೆ ಹೇಳಿದ್ನಾ?”

ಅವನು ಆ ಕೈಯ ಮೇಲೆ ತನ್ನ ಕೈ ಇಟ್ಟ. “ನಾನೇ ಇಲ್ಲಿಗೆ ಬಂದ್ಬಿಡ್ತೀನಿ ವೇಣಿ. ಇರಿಸ್ಕೋತೀಯಾ?”

ಅವಳು ಫೋನ್ ತೆಗೆದು ಮೈಸೂರಿಗೆ ಕಾಲ್ ಹಚ್ಚಿದಳು. ಅಲ್ಲಿ ಮಧ್ಯಾಹ್ನ, ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

“ಅಮ್ಮಾ, ಒಂದ್ನಿಮಿಷ. ಒಬ್ರು ಮಾತಾಡ್ತಾರೆ.”

ಪುಟಗಟ್ಟಲೆ ಕಾಮೆಂಟ್ ಬರೆಯುವ ಉತ್ತಮ್ ಫೋನನ್ನು ಎರಡೂ ಕೈಯಲ್ಲಿ ಹಿಡಿದ.

“ನಮಸ್ಕಾರ ಆಂಟಿ. ನಾನು ಉತ್ತಮ್ ಅಂತ. ಅದು... ನಿಮ್ಮ ಮಗಳು... ಅಂದ್ರೆ ನಾನು...”

ಅವನು ಸಹಾಯಕ್ಕಾಗಿ ನಾಗವೇಣಿಯತ್ತ ನೋಡಿದ. ಅವಳು ಬೆಂಚಿನ ಮೇಲೆ ಕೂತು, ಗಲ್ಲಕ್ಕೆ ಕೈಯೂರಿ, ಅವನು ವಾಕ್ಯ ಮುಗಿಸುವುದನ್ನೇ ಕಾಯುತ್ತಿದ್ದಳು.