ತಲೆದಿಂಬಿಗೆ ಯಾರ ಹೆಸರು?

ಪುತ್ತೂರಿನಲ್ಲಿ ಚಿತ್ರ ಬರೆಯುವವನಾಗಿ ಹುಟ್ಟಬಾರದು; ಹುಟ್ಟಿದರೂ ನೆಂಟರಿರಬಾರದು. ಗೆಳೆಯ ಕುಂಞಿ ಮೋನುವಿನ ಅಂಗಡಿಯ ಬೋರ್ಡು, ಅಣ್ಣನ ಮದುವೆ ಕಾಗದದ ಗಣಪತಿ, ಅತ್ತಿಗೆಯಂದಿರ ಕಸೂತಿಯ ಬಳ್ಳಿ, ಎಲ್ಲ ನನ್ನದೇ. ಸಿಕ್ಕಿದ್ದು ಒಂದು ಲೋಟ ಚಾ, ಒಂದು "ಲಾಯ್ಕ ಉಂಟು ಮಾರಾಯ".

ಅರುವತ್ತಮೂರನೇ ಇಸವಿಯ ಬೇಸಗೆ. ಸೋದರಮಾವನ ಮಗಳು ಸೇವಂತಿ ಐವರ್ನಾಡಿನಿಂದ ಬಸ್ಸಿಳಿದು ನೇರ ನನ್ನ ಕೋಣೆಗೆ ಬಂದಳು. ಜೊತೆಗೆ ಬಂದ ನಮ್ಮಜ್ಜಿ, ಮಾವನ ತಾಯಿ ತಿಮ್ಮಕ್ಕ, ಜಗಲಿಯಲ್ಲೇ ಕೂತರು. ನಾಳೆ ಸೇವಂತಿಯ ವೀಳ್ಯಶಾಸ್ತ್ರ. ಪೇಟೆಯಲ್ಲಿ ಬಳೆ ಕೊಳ್ಳಲು ಬಂದವರು. ಹುಡುಗ ಕಡಬದವನು. ವೀಳ್ಯ ಕೊಟ್ಟ ಮೇಲೆ ಮಾತು ಹಿಂದೆ ತೆಗೆಯುವ ಹಾಗಿಲ್ಲ.

"ಓಯ್, ಇದಕ್ಕೊಂದು ಡಿಸೈನ್ ಹಾಕಿ ಕೊಡಿ," ಎಂದು ಬಿಳಿ ತಲೆದಿಂಬಿನ ಬಟ್ಟೆಯನ್ನು ಮೇಜಿಗೆ ಹಾಕಿದಳು.

ಓಯ್ ಅಂತೆ! ಚಿಕ್ಕಂದಿನಲ್ಲಿ "ತೀರ್ಥ, ತೀರ್ಥ" ಎಂದು ಬೆನ್ನು ಬಿಡದವಳು. ಈಗೊಂದು ವರ್ಷದಿಂದ ಅವಳ ಬಾಯಲ್ಲಿ ನನಗೆ ಹೆಸರೇ ಇಲ್ಲ. ಸೊಕ್ಕು ಅಂದುಕೊಂಡಿದ್ದೆ. "ಚಿತ್ರ ಬರೆದು ಹೊಟ್ಟೆ ತುಂಬ್ತದಾ?" ಎಂದು ಮಾವ ನಕ್ಕ ದಿನದಿಂದ ನಾನೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ತೆಳು ಕಾಗದದಲ್ಲಿ ಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚತೊಡಗಿದೆ. ಆ ತೂತುಗಳ ಮೇಲೆ ನೀಲಿ ಬಣ್ಣ ಒರೆಸಿದರೆ ಬಟ್ಟೆಗೆ ಚಿತ್ರ ಇಳಿಯುತ್ತದೆ. ಸೂಜಿ ಜಾರಿ ಬೆರಳಿಗೇ ಹೊಕ್ಕಿತು.

"ಪಾಪ, ನೋವಾಯ್ತಾ?" ಕಣ್ಣಂಚಿನಲ್ಲಿ ನಗು.

"ನಡುವೆ ಎಂತ ಬರೆಯುದು?"

"ಮದುವೆಯಾಗುವವರ ಹೆಸರು."

"ಯಾವ ಹೆಸರು ಹೇಳು."

"ಅಯ್ಯ, ಗಂಡನ ಹೆಸರು ಹೆಂಗಸರು ಬಾಯಿಬಿಟ್ಟು ಹೇಳುದುಂಟಾ?"

ವೀಳ್ಯವೇ ಆಗಿಲ್ಲ, ಆಗಲೇ ಗಂಡ! ಸೂಜಿಯನ್ನು ಮೇಜಿಗೆ ಕುಕ್ಕಿದೆ. "ಆ ಕಡಬದವನ ಹೆಸರು ನನಗೆಂತ ಗೊತ್ತು? ಹೇಳದಿದ್ರೆ ಬಟ್ಟೆ ತಕ್ಕೊಂಡು ಹೋಗು!"

"ಅವರದ್ದಾ? ಚೆನ್ನಕೇಶವ," ಎಂದಳು, ಸಂತೆಯಲ್ಲಿ ಬದನೆಕಾಯಿ ಕೇಳುವಷ್ಟು ಸಲೀಸಾಗಿ. "ಬೇಕಾದ್ರೆ ಇನ್ನೊಮ್ಮೆ ಹೇಳ್ತೇನೆ. ಚೆನ್ನಕೇಶವ."

ಪೆನ್ಸಿಲ್ ಎತ್ತಿದ ಕೈ ಅಲ್ಲೇ ನಿಂತಿತು. ಹೇಳಿಬಿಟ್ಟಳಲ್ಲ!

"ಸೇವಂತಿ, ನನ್ನ ಹೆಸರು ಹೇಳು."

ಅವಳ ನಗು ಹೋಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕಣ್ಣು ತುಂಬಿ ಬಂತು.

"ಒಂದು ವರ್ಷದಿಂದ ಹೇಳ್ಲಿಲ್ಲ. ಈಗ ಹೇಳಿಸ್ಬೇಡಿ."

ಇಷ್ಟು ದಿನ ಎಂಥ ಕೋಣನಾಗಿದ್ದೆ ನಾನು!

"ಅಪ್ಪನ ಹತ್ರ ಇವತ್ತೇ ಕೇಳ್ಬೇಕು," ಎಂದಳು. "ನಾಳೆಗೆ ಆಗುದಿಲ್ಲ."

ಜಗಲಿಯಿಂದ ಅಜ್ಜಿ ಕೂಗಿದರು: "ಸೋದರತ್ತೆಯ ಮಗ ಕೇಳಿದ್ರೆ ಮೊದಲ ಹಕ್ಕು ಅವನದ್ದೇ. ಆದ್ರೆ ಕೇಳ್ಬೇಕಲ್ಲ ಮಾರಾಯ! ಬಸ್ಸಿಗೆ ಹೊತ್ತಾಯ್ತು, ಅಂಗಿ ಹಾಕು."

ಐವರ್ನಾಡಿನ ಅಂಗಳದಲ್ಲಿ ಆಗಲೇ ಚಪ್ಪರಕ್ಕೆ ಸೋಗೆ ಹೊದಿಸುತ್ತಿದ್ದರು. ನೇರ ಮಾವನ ಮುಂದೆ ಹೋಗಿ ನಿಂತೆ.

"ಮಾವ, ಸೇವಂತಿಯನ್ನು ನನಗೆ ಕೊಡಿ. ಹೊಟ್ಟೆ ತುಂಬುವಷ್ಟು ದುಡೀತೇನೆ."

ಸೋಗೆ ಕಟ್ಟುವವರ ಕೈ ನಿಂತಿತು. ಮಾವನ ಮುಖ ಕೆಂಪಾಯಿತು. ಅಜ್ಜಿಯ ಕಡೆ ನೋಡಿದರು. ಅಜ್ಜಿ ಅವರ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಮಗಳ ಕಡೆ ತಿರುಗಿದರು.

"ನಾಲ್ಕು ಜನರ ಮುಂದೆ ಹೆಸರು ಹಿಡಿದು ಹೇಳು. ಯಾರು ಬೇಕು ನಿನಗೆ?"

ಸೇವಂತಿ ತಲೆ ತಗ್ಗಿಸಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಇವರು," ಎಂದಳು.

ಮಾವ ಚಪ್ಪರದ ಕಡೆ ತಿರುಗಿ, "ಕಡಬಕ್ಕೆ ಯಾರಾದರೂ ಈಗಲೇ ಹೊರಡಿ. ನಾಳೆ ಬರುದು ಬೇಡ ಅಂತ ಹೇಳಿ," ಎಂದರು.