ಅಂಟು ಕಾಯಿಸುವ ಒಲೆ

"ಇದೂ ನಿನ್ನ ಥರಾನೇ, ಅತಿಲಿಯೊ. ಒಂದು ಗಳಿಗೆ ಭುಸ್ ಅಂತ ಕಾಯುತ್ತೆ, ಆಮೇಲೆ ಸುದ್ದೀನೇ ಇಲ್ಲ."

ಮಿರೆಲ್ಲಾಳ ಮಾತಿಗೆ ಅತಿಲಿಯೊ ನಕ್ಕ. ಇಟಲಿಯ ಕ್ರೆಮೋನಾದ ಒಲೆ ಅಂಗಡಿಯ ಮೇಜಿನ ಮೇಲೆ ಎರಡನೆಯ ಇಂಡಕ್ಷನ್ ಒಲೆಯೂ ಸೋತಿತ್ತು. ಕಾವು ತಗ್ಗಿಸಿದರೆ ಅದು ತಗ್ಗುತ್ತಿರಲಿಲ್ಲ. ಜೋರಾಗಿ ಕಾದು, ನಿಂತು, ಮತ್ತೆ ಜೋರಾಗಿ ಕಾಯುತ್ತಿತ್ತು.

"ಸೂಪ್ ಮಾಡೋಕೆ ಧಾರಾಳ ಸಾಕು, ಮೇಷ್ಟ್ರೇ," ಎಂದ ಅಂಗಡಿಯ ಬ್ರೂನೋ.

"ಸೂಪ್ ಅಲ್ಲಪ್ಪಾ, ಪಿಟೀಲಿನ ಅಂಟು. ಅರವತ್ತು ಡಿಗ್ರೀಲಿ ನಿಲ್ಲಬೇಕು. ಕುದೀತೋ, ಹಿಡಿತಾನೇ ಹೋಯ್ತು."

ಒಂದೇ ಕಾರ್ಯಾಗಾರದಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ, ವರ್ಷಗಟ್ಟಲೆ ಪಿಟೀಲು ಮಾಡಿದವರು ಅತಿಲಿಯೊ, ಮಿರೆಲ್ಲಾ ಇಬ್ಬರೂ. ಹಳೆಯ ಒಲೆ ಈಚೆಗೆ ಕೆಟ್ಟಿತ್ತು. ಅತಿಲಿಯೊನ ಕೈ ಅದಕ್ಕೂ ಮೊದಲೇ ನಡುಗತೊಡಗಿತ್ತು; ವಾಸಿಯಾಗುವ ಕಾಯಿಲೆಯಲ್ಲ. ಸಂಜೆಯ ಬಸ್ಸಿಗೆ ಅವನು ಪಾರ್ಮಾಕ್ಕೆ, ಅಕ್ಕನ ಮನೆಗೆ ಹೊರಟಿದ್ದ. ಹೋಗುವ ಮುನ್ನ ಹೊಸ ಒಲೆ ನೋಡಿ ಕೊಡಿಸುತ್ತೇನೆ ಎಂದಿದ್ದ. ಹೋಗಬೇಡ ಎನ್ನಲು ಮಿರೆಲ್ಲಾಳಿಗೆ ಉಳಿದದ್ದು ಈ ಮಧ್ಯಾಹ್ನ ಮಾತ್ರ. ಬಾಯಿ ಬರದೆ, ಒಂದೊಂದು ಒಲೆಗೂ ಕೊಂಕು ತೆಗೆಯುತ್ತಿದ್ದಳು.

ಮೂರನೆಯ ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟರು. ಉಷ್ಣಮಾಪಕ ಅರವತ್ತಕ್ಕೆ ಬಂದು ನಿಂತಿತು. ಅಲ್ಲಾಡಲಿಲ್ಲ.

ಅತಿಲಿಯೊ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. "ಇದರಲ್ಲೇನು ತಪ್ಪು ಹುಡುಕ್ತೀಯಾ?"

"ಬಣ್ಣ ಚೆನ್ನಾಗಿಲ್ಲ."

"ಲಿಪ್‌ಸ್ಟಿಕ್ ಹಚ್ಚಿಬಿಡೇ!"

ಅವಳು ನಗುತ್ತಿದ್ದಂತೆ ಬ್ರೂನೋ ಪಾತ್ರೆಗೆ ಬಗ್ಗಿದ. "ಇದೂ ಸರಿಯಿಲ್ಲ ಬಿಡಿ. ನೋಡಿ, ಕುದಿಯೋಕೆ ಬಂತು. ನೀರೆಲ್ಲ ನಡುಗ್ತಿದೆ."

ಹೌದು, ಸಣ್ಣ ಸಣ್ಣ ಅಲೆಗಳು. ಅತಿಲಿಯೊ ನೀರನ್ನು ನೋಡಿದ, ಮೇಜಿಗೆ ಊರಿದ್ದ ತನ್ನ ಕೈಯನ್ನು ನೋಡಿದ. ಮೆಲ್ಲಗೆ ಅದನ್ನೆತ್ತಿ ಕೋಟಿನ ಜೇಬಿಗೆ ಹಾಕಿಕೊಂಡ.

ನೀರು ನಿಶ್ಚಲವಾಯಿತು.

ಬ್ರೂನೋ ತಲೆ ತಗ್ಗಿಸಿದ. "ಒಳ್ಳೆ ಒಲೆ," ಎಂದ ಅತಿಲಿಯೊ. "ಇದನ್ನೇ ಕಟ್ಟಿಕೊಡಪ್ಪಾ."

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅಲ್ಲಿ ಮಿರೆಲ್ಲಾ ಒಲೆಯ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಹೋಗಬೇಡ ಕಣೋ. ಕೆತ್ತೋ ಕೆಲಸ ನನಗಿರಲಿ. ನೀನು ಪಕ್ಕದಲ್ಲಿ ಕೂತು ನನ್ನ ಬೈತಾ ಇರು, ಸಾಕು. ನನಗೆ ನೀನು ಬೇಕು."

"ನನಗೂ ನೀನೇ ಬೇಕು, ಮಿರೆಲ್ಲಾ. ಯಾವತ್ತಿಂದಲೂ." ಅವನು ಬಸ್ ಬರುವ ದಾರಿಯತ್ತ ತಿರುಗಿದ. "ನಾಳೆ ನನಗೆ ಊಟ ತಿನ್ನಿಸಬೇಕಾಗುತ್ತೆ, ಬಟ್ಟೆ ತೊಡಿಸಬೇಕಾಗುತ್ತೆ. ಪಿಟೀಲು ಮಾಡೋ ನಿನ್ನ ಕೈಯನ್ನ ಆ ಚಾಕರಿಗೆ ಹಚ್ಚಲ್ಲ ನಾನು."

"ಅದನ್ನ ಹೇಳೋಕೆ ನೀನ್ಯಾರು?"

"ನಾವು ಈ ಅಂಟನ್ನೇ ಯಾಕೆ ಹಾಕ್ತೀವಿ ಹೇಳು? ಬೇಕಾದಾಗ ಮರ ಸೀಳದ ಹಾಗೆ ಬಿಡಿಸಬಹುದು ಅಂತ. ನಾವೂ ಹಾಗೇ ಬಿಡಿಸ್ಕೊಳ್ಳೋಣ."

"ಬಿಡಿಸುವಾಗ ಮರ ಕೂಗುತ್ತೆ, ಅತಿಲಿಯೊ. ನೀನು ಕೇಳಿಲ್ವಾ?"



ಬಸ್ ಬಂತು. ಚಳಿಗಾಳಿಗೆ ಅವನು ಕೋಟಿನ ಗುಂಡಿ ಹಾಕಿಕೊಳ್ಳಲು ನೋಡಿದ. ಬೆರಳು ಜಾರಿತು, ಮತ್ತೆ ಜಾರಿತು. ಹಿಂದೆಲ್ಲ ಅವಳು ನೆರವಿಗೆ ಕೈ ಚಾಚಿದರೆ ಮುಖ ತಿರುಗಿಸುತ್ತಿದ್ದವನು ಇಂದು ಎರಡೂ ಕೈ ಇಳಿಬಿಟ್ಟು ಸುಮ್ಮನೆ ನಿಂತ.

ಅವಳು ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದಳು. ಕೊರಳ ಬಳಿ ತಲುಪಿದಾಗ ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಚಾಲಕ ಹಾರ್ನ್ ಹೊಡೆದ.

ಹಾಕಿದ್ದ ಕೊನೆಯ ಗುಂಡಿಯನ್ನು ಅವಳು ಬಿಚ್ಚಿ, ಮತ್ತೊಮ್ಮೆ ಹಾಕತೊಡಗಿದಳು.