ಸಿಡಿಲಪ್ಪನ ಕೊನೆಯ ಸಂಚಿಕೆ

ಅಣ್ಣನಾದವನು ತಮ್ಮನ ಹೊಲದ ಬದು ಒತ್ತಿದರೆ ಕೋರ್ಟಿಗೆ ಹೋಗಬಹುದು. ಬಾವಿಯ ನೀರನ್ನು ತನ್ನ ಕಬ್ಬಿಗೇ ತಿರುಗಿಸಿಕೊಂಡರೆ ನಾಲ್ಕು ಜನ ಹಿರಿಯರನ್ನು ಕೂಡಿಸಬಹುದು. ಆದರೆ ಮಕ್ಕಳ ಒಂದು ಚಿತ್ರಕತೆಯ ಪುಸ್ತಕ ಎತ್ತಿಕೊಂಡು ಹೋದರೆ? ಐವತ್ತು ದಾಟಿದ, ನಿಪ್ಪಾಣಿಯಲ್ಲಿ ಪೇಡೆ ಅಂಗಡಿ ಇಟ್ಟುಕೊಂಡ ಸುಜಯ ಅದನ್ನು ಯಾರ ಮುಂದೆ ಹೇಳಿಕೊಂಡಾನು? ಕೇಳಿದವರು ಪೇಡೆ ತಿನ್ನುತ್ತಲೇ ನಗುತ್ತಾರೆ. ಆದ್ದರಿಂದ ಅವನು ಯಾರಿಗೂ ಹೇಳಲಿಲ್ಲ. ಒಳಗೇ ಇಟ್ಟುಕೊಂಡ. ಒಳಗಿಟ್ಟ ಹಾಲು ಹುಳಿಯಾಗುವಂತೆ ಅದು ಹುಳಿಯಾಯಿತು.

ಸುಜಯ ಮತ್ತು ಅವನ ದೊಡ್ಡಪ್ಪನ ಮಗ ಆಬಾಸಾಹೇಬ ಬೆಳೆದದ್ದು ಸದಲಗಾದ ಒಂದೇ ಮನೆಯಲ್ಲಿ. ಆ ಕಾಲದಲ್ಲಿ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಪ್ರತಿ ತಿಂಗಳು ಸಿಡಿಲಪ್ಪ ಬರುತ್ತಿದ್ದ. ಬೆಳಿಗ್ಗೆ ಗರಡಿಯಲ್ಲಿ ಸಾಮು ಮಾಡಿ, ಮಧ್ಯಾಹ್ನ ಸಿಡಿಲಿನ ಬೆನ್ನೇರಿ ದುಷ್ಟರನ್ನು ಬಡಿಯುವ ಪೈಲ್ವಾನ. ಅಣ್ಣತಮ್ಮ ಇಬ್ಬರೂ ಕಬ್ಬಿನ ಸೋಗೆ ಹೊತ್ತು, ದನ ಮೇಯಿಸಿ, ಮನೆಯವರನ್ನು ಕಾಡಿಬೇಡಿ ಆ ಪುಸ್ತಕಗಳನ್ನು ಕೂಡಿಸಿದರು. ಮುಂದೆ ಮುದ್ರಣಾಲಯ ಮುಚ್ಚಿತು. ಕೊನೆಯ ಸಂಚಿಕೆ ಅಚ್ಚಾಗಿತ್ತಂತೆ, ಆದರೆ ಚಿಕ್ಕೋಡಿಗೆ ಬರಲೇ ಇಲ್ಲ. ಸಿಡಿಲಪ್ಪ ಬಾವಿಯೊಳಗೆ ಬಿದ್ದಲ್ಲಿಗೆ ಇವರ ಕತೆ ನಿಂತುಹೋಯಿತು.

ಮನೆ ಪಾಲಾದಾಗ ಸುಜಯ ನಿಪ್ಪಾಣಿಗೆ ಹೋದ. ಹೊಲ, ದನ, ಹಂಡೆ ಎಲ್ಲ ಪಾಲಾದವು. ಸಿಡಿಲಪ್ಪನ ಟ್ರಂಕುಗಳ ಮೇಲೆ ಆಬಾಸಾಹೇಬ ಕೈಯಿಟ್ಟು, "ಇದನ್ನ ಒಡೀಬಾರದಲೇ ಸುಜ್ಯಾ. ಇಲ್ಲೇ ಇರ್ಲಿ, ಇಬ್ಬರದೂ" ಎಂದ. ಸುಜಯ ಒಪ್ಪಿದ. ಆದರೆ ಕೊನೆಯ ಸಂಚಿಕೆಯನ್ನು ಹುಡುಕುವವನು ತಾನು, ಟ್ರಂಕಿನಲ್ಲಿಡುವವನೂ ತಾನು ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ. ರಾಯಬಾಗ, ಕಾಗವಾಡ, ಅಥಣಿಯ ರದ್ದಿ ಅಂಗಡಿಗಳಲ್ಲೆಲ್ಲ ಧೂಳು ಕುಡಿದ. ತಲೆ ಬೆಳ್ಳಗಾದ ಮೇಲೆ, ಹೋದ ವರ್ಷ, ಕೃಷ್ಣೆಯ ದಂಡೆಯ ಸತ್ತಿಯಲ್ಲಿ ಅದು ಸಿಕ್ಕಿತು. ಶಿವಗಂಗವ್ವ ಎಂಬ ಮುದುಕಿಯ ಅಟ್ಟದ ಮೇಲೆ, ಸತ್ತುಹೋದ ಅವಳ ಗಂಡ ಮಾಸ್ತರರ ಪೆಟ್ಟಿಗೆಯಲ್ಲಿ. ಅವತ್ತು ಮುದುಕಿ, "ಮಗಳನ್ನ ಕೇಳಿ ಕೊಡ್ತೀನ್ರಿ, ನಾಡದ ಬರ್ರಿ" ಎಂದಳು. ಸುಜಯ ಸಂತೋಷ ತಡೆಯಲಾರದೆ ದಾರಿಯಲ್ಲೇ ಅಣ್ಣನಿಗೆ ಫೋನು ಮಾಡಿದ.

"ದಾದಾ, ಸಿಕ್ತು! ಸತ್ತಿ ಊರಾಗ ಐತಿ!"

"ಹೌದೇನಲೇ! ಯಾರ ಮನ್ಯಾಗ?"

ಅವನು ಹೇಳಿಬಿಟ್ಟ. ನಾಡದು ಹೋದಾಗ ಶಿವಗಂಗವ್ವ ಬಾಗಿಲಲ್ಲೇ ನಿಂತು, "ನಿಮ್ಮ ಅಣ್ಣಾರು ನಿನ್ನೇನ ಬಂದು ಒಯ್ದಾರಲ್ರಿ" ಎಂದಳು. ಸದಲಗಾಕ್ಕೆ ಓಡಿ ಕೇಳಿದರೆ ಆಬಾಸಾಹೇಬ ಮೀಸೆ ತಿರುವುತ್ತ ನಕ್ಕ. "ಯಾರ ಕೈಲೆ ಬಂದ್ರ ಏನಲೇ? ಟ್ರಂಕಿನ್ಯಾಗ ಬಿತ್ತಲ್ಲ." ಓದು ಎಂದು ಪುಸ್ತಕ ಮುಂದೆ ಹಿಡಿದ. ಸುಜಯ ಮುಟ್ಟಲಿಲ್ಲ. ಅವನ ಕೈಯಿಂದ ಇಸಿದುಕೊಂಡು ಓದುವುದಕ್ಕಿಂತ ಸಿಡಿಲಪ್ಪ ಬಾವಿಯಲ್ಲೇ ಬಿದ್ದಿರಲಿ ಅನ್ನಿಸಿತು.

ಆಮೇಲೆ ಒಂದು ವಿಚಿತ್ರ ನಡೆಯಿತು. ಮಾಲಿಕೆ ಪೂರ್ತಿಯಾದದ್ದೇ ಆಬಾಸಾಹೇಬನಿಗೆ ಅದರ ಮೇಲಿನ ಮೋಹವೇ ಹೋಯಿತು. ಮೊದಲು ವಾರಕ್ಕೊಮ್ಮೆ ಟ್ರಂಕು ತೆಗೆದು, ಖಾಲಿ ಉಳಿದ ಜಾಗ ನೋಡಿ ನಿಟ್ಟುಸಿರು ಬಿಡುತ್ತಿದ್ದವನು ಈಗ ಅದರ ಮೇಲೆ ಹಾಸಿಗೆ ಪೇರಿಸಿಟ್ಟ. "ಮುಗೀತಲ್ಲಪ್ಪ. ಇನ್ನ ಏನ ಮಾಡೂದು ಇದನ್ನ?" ಎಂದು ಬಂದವರನ್ನೆಲ್ಲ ಕೇಳತೊಡಗಿದ. ಮಾರು ಎಂದರು ಕೆಲವರು. ಗಾಜು ಹಾಕಿಸಿ ಗೋಡೆಗೆ ಹಚ್ಚು ಎಂದರು ಕೆಲವರು. ಕೊನೆಗೆ ಚಿಕ್ಕೋಡಿಯಲ್ಲಿ ಮಕ್ಕಳ ವಾಚನಾಲಯ ಕಟ್ಟುತ್ತಿದ್ದವರು ಬಂದು, ಒಂದು ಇಡೀ ಕೋಣೆಯನ್ನು ಇದಕ್ಕೇ ಬಿಡುತ್ತೇವೆ, ಬಾಗಿಲ ಮೇಲೆ ನಿಮ್ಮ ಹೆಸರಿನ ಫಲಕ ಹಾಕುತ್ತೇವೆ ಎಂದರು. ಆಬಾಸಾಹೇಬ ಹೂಂ ಅಂದುಬಿಟ್ಟ. ಇಬ್ಬರದೂ ಎಂದಿದ್ದ ಮಾತು ಅವನ ನೆನಪಿಗೇ ಬರಲಿಲ್ಲ.

ಸುಜಯ ಒಮ್ಮೆ, ಒಮ್ಮೆ ಮಾತ್ರ, ಕೇಳಿದ.

"ಬ್ಯಾರೆ ಏನೂ ಬ್ಯಾಡ ದಾದಾ. ಕೊನೀದೊಂದ ನನಗ ಕೊಡು."

"ಹುಚ್ಚ ಅದಿಯೇನು? ಪೂರಾ ಐತಿ ಅಂತನ ಅವರು ಒಯ್ಯಾಕತ್ತಾರ. ಅದೊಂದ ತಗದ್ರ ಉಳದದ್ದು ರದ್ದಿ."

ರದ್ದಿ. ಆ ಮಾತು ಹಿಡಿದುಕೊಂಡು ಸುಜಯ ನಿಪ್ಪಾಣಿಗೆ ಮರಳಿದ. ಪೇಡೆಯ ಖವಾ ಕಾಯಿಸುವ ಭಟ್ಟಿಯ ಮುಂದೆ ನಿಂತು ಸೌಟು ತಿರುಗಿಸುತ್ತ ಅದನ್ನೇ ಯೋಚಿಸಿದ. ಅಣ್ಣನಿಗೆ ರದ್ದಿಯೇ ಸಿಗಲಿ ಎಂದುಕೊಂಡಾಗ ಅವನಿಗೆ ಎಷ್ಟೋ ತಿಂಗಳ ಮೇಲೆ ಹಸಿವಾಯಿತು.

ಯೋಜನೆ ಸರಳವಾಗಿತ್ತು, ಅದೇ ಅದರ ಚೆಂದ. ಪುಸ್ತಕಗಳೆಲ್ಲ ಖಾಕಿ ಕಾಗದದ ಕಟ್ಟುಗಳಾಗಿ ಚಿಕ್ಕೋಡಿಗೆ ಹೋಗುತ್ತವೆ. ಕೋಣೆಯ ಗೋಡೆಗಳ ಗಿಲಾವಿ ಇನ್ನೂ ಹಸಿಯಾಗಿತ್ತು. ಮಳೆಗಾಲ ಮುಗಿದು ಉದ್ಘಾಟನೆಯಾಗುವವರೆಗೆ ಕಟ್ಟು ಬಿಚ್ಚುವುದಿಲ್ಲ ಎಂದು ವಾಚನಾಲಯದವರೇ ಹೇಳಿದ್ದರು. ಅಂದು ವೇದಿಕೆಯ ಮೇಲೆ, ಹಾರ ಹಾಕಿಸಿಕೊಂಡ ಆಬಾಸಾಹೇಬ ಎಲ್ಲರೆದುರು ಮೊದಲ ಕಟ್ಟು ಬಿಚ್ಚುತ್ತಾನೆ. ಒಳಗಿಂದ ಹಳೆಯ ಮರಾಠಿ ಪೇಪರು ಹೊರಬೀಳುತ್ತದೆ. ಎರಡನೆಯದರಲ್ಲೂ ಅದೇ. ಇವನ ಬಳಿ ಮಾಲಿಕೆ ಇರಲೇ ಇಲ್ಲ, ಬರೀ ಬಡಾಯಿ ಎನ್ನುತ್ತದೆ ಊರು. ಕಳುವಾಗಿದೆ ಎಂದರೂ ಯಾರನ್ನು ಹಿಡಿಯುತ್ತಾರೆ? ಅಷ್ಟು ಹೊತ್ತಿಗೆ ಕಟ್ಟುಗಳು ಟೆಂಪೋದವರು, ಹಮಾಲರು, ಗೌಂಡಿಗಳು, ವಾಚನಾಲಯದವರು, ಹೀಗೆ ಎಷ್ಟು ಕೈ ದಾಟಿರುತ್ತವೋ ಜಿನನೇ ಬಲ್ಲ.

ಪುಸ್ತಕಗಳನ್ನು ಏನು ಮಾಡಬೇಕೆಂಬುದೂ ನಿಶ್ಚಯವಾಗಿತ್ತು. ಖವಾದ ಭಟ್ಟಿಗೆ ಒಂದೊಂದಾಗಿ ಹಾಕುವುದು. ಉದ್ಘಾಟನೆಯ ದಿನ ಅದೇ ಬೆಂಕಿಯ ಪೇಡೆಯನ್ನು ಡಬ್ಬಿಗಟ್ಟಲೆ ಒಯ್ದು, ಮೊದಲನೆಯದನ್ನು ಅಣ್ಣನ ಬಾಯಿಗೆ ತಾನೇ ಇಡುವುದು. ಇದನ್ನು ನೆನೆದಾಗಲೆಲ್ಲ ಸುಜಯನಿಗೆ ಎದೆ ತಣ್ಣಗಾಗುತ್ತಿತ್ತು. ಚಿಕ್ಕಂದಿನ ಪುಸ್ತಕ ಸುಡಲು ಕೈ ಬಂದೀತೇ ಎಂದು ಒಳಗೆ ಯಾರೋ ಕೇಳಿದರು. ಬಂದೀತು ಎಂದು ಗದರಿಸಿದ. ಕೊನೆಯ ಸಂಚಿಕೆಯೊಂದನ್ನು ಮಾತ್ರ ಮೊದಲು ಓದಬೇಕು. ಸುಡುವುದೋ ಬಿಡುವುದೋ ಆಮೇಲೆ ನೋಡಿದರಾಯಿತು.

ಅದೃಷ್ಟವೂ ಅವನ ಕಡೆಗೇ ಇತ್ತು. ಕಟ್ಟುವುದಕ್ಕೆ ಕಾಗದ, ಸುತಳಿ ಬೇಕೆಂದು ಆಬಾಸಾಹೇಬ ಅವನ ಅಂಗಡಿಯಿಂದಲೇ ತರಿಸಿಕೊಂಡ. ಸುಜಯ ಅದೇ ಕಾಗದ, ಅದೇ ಸುತಳಿಯಲ್ಲಿ ತನ್ನ ಕಟ್ಟುಗಳನ್ನೂ ಮಾಡಿದ. ಪೇಪರುಗಳನ್ನು ಪುಸ್ತಕದ ಅಳತೆಗೆ ಕತ್ತರಿಸಿ, ದಪ್ಪ ನೋಡಿ, ಭಾರ ನೋಡಿ, ಅಣ್ಣನ ಕೈಯ ಗಂಟೇ ಹಾಕಿದ. ದನ ಕಟ್ಟುವಾಗ ಇಬ್ಬರಿಗೂ ಆ ಗಂಟು ಕಲಿಸಿದವನು ಒಬ್ಬನೇ ಅಜ್ಜ.

ದಿನವನ್ನೂ ಆರಿಸಿದ. ಟೆಂಪೋ ಬರುವುದು ಜೈನರ ಶ್ರುತ ಪಂಚಮಿ ಹಬ್ಬದ ಮರುದಿನ ಎಂದು ಗೊತ್ತಾದಾಗ ಅವನು ನಕ್ಕುಬಿಟ್ಟ. ಪಂಚಮಿಯ ಹಿಂದಿನ ಸಂಜೆ ಆಬಾಸಾಹೇಬ ಕಟ್ಟುಗಳನ್ನು ಕಟ್ಟಿಡುತ್ತಾನೆ. ಪಂಚಮಿಯ ಬೆಳಿಗ್ಗೆ ಬಸದಿಯಲ್ಲಿ ಶಾಸ್ತ್ರಗಳ ಪೂಜೆ, ಪಲ್ಲಕ್ಕಿ. ಓಣಿಯ ಜೈನರ ಮನೆಗಳಲ್ಲಿ ನರಪಿಳ್ಳೆ ಉಳಿಯುವುದಿಲ್ಲ. ನಿಪ್ಪಾಣಿಯಿಂದ ಅವನ ಹಾಲಿನ ಗಾಡಿ ಸದಲಗಾಕ್ಕೆ ದಿನಾ ಬರುವುದೇ. ಆ ಗಾಡಿ ಹಿತ್ತಲ ಸಂದಿಯಲ್ಲಿ ನಿಂತರೆ ನಾಯಿ ಕೂಡ ತಲೆ ಎತ್ತುವುದಿಲ್ಲ.

ಎಲ್ಲವೂ ಅಂದುಕೊಂಡ ಹಾಗೆಯೇ ಆಯಿತು. ಹಿತ್ತಲ ಬಾಗಿಲ ಕೀಲಿ ಕೊಟ್ಟಿಗೆಯ ತೊಲೆಯ ಸಂದಿನಲ್ಲಿತ್ತು, ಅವನ ಅಪ್ಪನ ಕಾಲದಿಂದಲೂ ಅದರ ಜಾಗ ಅದೇ. ಟ್ರಂಕುಗಳಿಗೆ ಬೀಗವಿರಲಿಲ್ಲ. ಸುಜಯ ಒಂದೊಂದೇ ಕಟ್ಟು ತೆಗೆದ, ಒಂದೊಂದೇ ಕಟ್ಟು ಇಟ್ಟ. ತೆಗೆದವುಗಳನ್ನು, ತೊಳೆದು ಒಣಗಿಸಿ ಹೆಚ್ಚಿಗೆ ತಂದಿದ್ದ ಹಾಲಿನ ಕ್ಯಾನುಗಳೊಳಗೆ ಇಳಿಸಿ ಮುಚ್ಚಳ ಬಿಗಿದ. ಕೊನೆಯ ಸಂಚಿಕೆಯಿದ್ದ ಕಟ್ಟು ಕೈಗೆ ಬಂದಾಗ ಬಿಚ್ಚಿ ನೋಡುವ ಆಸೆ ಬಲವಾಗಿ ಕಾಡಿತು. ಬೆರಳು ಸುತಳಿಯ ಮೇಲೆ ಹೋಗಿ ವಾಪಸು ಬಂತು. ಅವಸರ ಮಾಡುವವರು ಸಿಕ್ಕಿಬೀಳುತ್ತಾರೆ, ತಾನು ಅಂಥವನಲ್ಲ.

ಗಾಡಿಯನ್ನು ಮುಂಬಾಗಿಲಿಗೆ ತಂದು ನಿಲ್ಲಿಸಿ, ಮುಖ ತೊಳೆದು, ಬಸದಿಗೆ ನಡೆದ. ಅಲ್ಲಿ ಹಿರಿಯರು ಶಾಸ್ತ್ರಗಳ ಹಳೆಯ ಬಟ್ಟೆ ಬಿಚ್ಚಿ, ಧೂಳು ಕೊಡವಿ, ಬಿಸಿಲು ತೋರಿಸಿ, ಹೊಸ ಬಟ್ಟೆ ಸುತ್ತುತ್ತಿದ್ದರು. ಸುಜಯನೂ ಕೂತು ಎರಡು ಗ್ರಂಥಗಳಿಗೆ ಭಕ್ತಿಯಿಂದ ಬಟ್ಟೆ ಸುತ್ತಿದ. ಪಲ್ಲಕ್ಕಿಗೆ ಹೆಗಲೂ ಕೊಟ್ಟ. ಎದುರಿನ ಹೆಗಲು ಆಬಾಸಾಹೇಬನದೇ.

"ಊಟಕ್ಕ ಬಾರಲೇ ಸುಜ್ಯಾ. ನಿಮ್ಮ ವೈನಿ ಹೋಳಿಗಿ ಮಾಡ್ಯಾಳ" ಎಂದ ಅಣ್ಣ. ವೈನಿ ಎಂದರೆ ಆಬಾಸಾಹೇಬನ ಹೆಂಡತಿ ತಾರಾಬಾಯಿ, ಅಕ್ಕೋಳದ ಮಗಳು.

ಬೇಡ ಅನ್ನಬಹುದಿತ್ತು. ಬೇಡ ಅಂದವರ ಮೇಲೆ ಆಮೇಲೆ ಸಂಶಯ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ದೋಚಿದ ಮನೆಯಲ್ಲೇ ಕೂತು ಹೋಳಿಗೆ ತಿನ್ನುವ ಸುಖವನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಸಂಜೆಯ ಹಾಲು ತುಂಬಿಕೊಂಡೇ ಹೋಗುತ್ತೇನೆ ಎಂದು ಹೇಳಿ ಕೂತ. ತುಪ್ಪ ಹಾಕಿಸಿಕೊಂಡು ತಿಂದ. ಫಲಕದ ಅಕ್ಷರ ಎಷ್ಟು ದೊಡ್ಡದಿರಬೇಕೆಂದು ಅಣ್ಣ ಕೇಳಿದಾಗ, "ದೊಡ್ಡದ ಮಾಡಸು ದಾದಾ, ಬಸ್‌ಸ್ಟ್ಯಾಂಡಿನಿಂದ ಕಾಣಂಗ" ಎಂದ. ಇಷ್ಟು ರುಚಿಯಾದ ಹೋಳಿಗೆಯನ್ನು ಅವನು ಈ ಮನೆಯಲ್ಲಿ ಯಾವತ್ತೂ ತಿಂದಿರಲಿಲ್ಲ.

ಕೈ ತೊಳೆದು ಹೊರಗೆ ಬಂದರೆ ಅಂಗಳದ ತುಂಬ ಟ್ರ್ಯಾಕ್ಟರಿಗೆ ಹೊದಿಸುವ ತಾಡಪತ್ರಿ ಹಾಸಿತ್ತು. ಅದರ ಮೇಲೆ ಅಣ್ಣನ ಮಗಳ ಶಾಲೆಯ ಪುಸ್ತಕಗಳು, ಹಳೆಯ ಪಂಚಾಂಗಗಳು, ಅಡುಗೆ ಪುಸ್ತಕ, ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿ ಕೂಡ ಹಾಳೆ ಬಿಚ್ಚಿಕೊಂಡು ಬಿಸಿಲಿಗೆ ಬಿದ್ದಿದ್ದವು. ಪಕ್ಕದಲ್ಲಿ ಸಿಡಿಲಪ್ಪನ ಎರಡೂ ಟ್ರಂಕುಗಳು. "ನಮ್ಮ ಅಕ್ಕೋಳದ ಪದ್ಧತಿ ಐತ್ರಿ ಭಾವಜಿ" ಎಂದಳು ತಾರಾಬಾಯಿ ಸೆರಗು ಸಿಕ್ಕಿಸುತ್ತ. "ಪಂಚಮಿಗೆ ಬಸದ್ಯಾಗಿನ ಶಾಸ್ತ್ರ ಅಷ್ಟ ಅಲ್ಲ, ಮನ್ಯಾಗ ಅಕ್ಷರ ಇದ್ದದ್ದೆಲ್ಲಾ ಬಿಚ್ಚಿ ಬಿಸಲಿಗೆ ಹಾಕಬೇಕು. ನೀವು ನಿಪ್ಪಾಣಿಗೆ ಹೋದ ಮ್ಯಾಲ ನಾ ಈ ಮನಿಗೆ ಬಂದೆ, ಆವಾಗಿಂದ ಒಂದ ವರ್ಷನೂ ತಪ್ಪಿಸಿಲ್ಲ. ನೀವು ಈ ದಿನ ಬಸದಿಯಿಂದನ ಹೊಳ್ಳಿ ಹೋಗ್ತಿದ್ರಿ, ನೋಡಿಲ್ಲ." ಆಬಾಸಾಹೇಬ ನಗುತ್ತಿದ್ದ. "ನಿನ್ನೆ ಕಟ್ಟೂದು, ಇವತ್ತ ಬಿಚ್ಚೂದು, ನಾಳಿ ಮತ್ತ ಕಟ್ಟೂದು. ಇಕಿ ಮುಂದ ನನ್ನ ಮಾತ ನಡೀತೈತೇನು?" ಶಾಸ್ತ್ರಕ್ಕೆ ಬಿಸಿಲು ತೋರಿಸುವ ದಿನ ಎಂದು ಸುಜಯನಿಗೆ ಗೊತ್ತಿತ್ತು. ಸಿಡಿಲಪ್ಪನನ್ನೂ ಶಾಸ್ತ್ರದ ಸಾಲಿಗೆ ಸೇರಿಸುವ ಹೆಂಗಸೊಬ್ಬಳು ಈ ಮನೆಯಲ್ಲೇ ಇದ್ದಾಳೆಂಬುದು ಗೊತ್ತಿರಲಿಲ್ಲ. ನಿನ್ನೆ ಸಂಜೆ ಕಟ್ಟಿದ ಕಟ್ಟುಗಳು, ಬೆಳಿಗ್ಗೆ ಖಾಲಿಯಿದ್ದ ಮನೆ, ಹೊರಗಿನವರಲ್ಲಿ ಹಿತ್ತಲ ಕೀಲಿಯ ಜಾಗ ಬಲ್ಲ ಒಬ್ಬನೇ ಒಬ್ಬ, ಮುಂಬಾಗಿಲಲ್ಲಿ ಅವನ ಗಾಡಿ: ಇದನ್ನು ಕೂಡಿಸಿ ನೋಡಲು ಪೊಲೀಸರೇ ಬೇಕಾಗಿರಲಿಲ್ಲ. ಆಬಾಸಾಹೇಬ ಟ್ರಂಕಿನಿಂದ ಮೇಲಿನ ಕಟ್ಟನ್ನು ಎತ್ತಿ ತಮ್ಮನ ಕೈಯಲ್ಲಿಟ್ಟ. "ತಗೋಲೇ, ಇದು ಕೊನೀದು. ಅವತ್ತ ನಾ ಮಾಡಿದ್ದು ತಪ್ಪಾತು. ನೀನ ಬಿಚ್ಚು, ಮೊದಲ ನೀನ ಓದು" ಎಂದು ಹೇಳಿ, ನೋಡಲು ಎದುರಿಗೇ ಕೂತ.